ಬೆನ್ನ ಮೇಲಿನ ಮಿಸ್ಟರ್ ಸೊರಬ

ನನ್ನ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಅಂಗಿ ನೆನಪಿರುತ್ತದೆ! ಇದು ಅತಿಯಾಯಿತು ಎಂದು ನಿಮಗೆ ಅನ್ನಿಸಿದರೆ ನೀವು ಅವರನ್ನು ನೋಡಿಲ್ಲ ಎಂದರ್ಥ. ನೀವು ನೋಡಿದ್ದರೂ ಅವರು ನಿಮ್ಮನ್ನು ನೋಡಿರುವುದಿಲ್ಲ. ನಿಮ್ಮ ಕಾಲರನ್ನು ನೋಡಿರುತ್ತಾರೆ.

ಸೊರಬದ ಬಸ್ ಸ್ಟ್ಯಾಂಡಿಗೆ ಕೂಗಳತೆಯಲ್ಲಿ ಅವರದೊಂದು ಬಟ್ಟೆ ಅಂಗಡಿ. ಮುಂದೆ ಬಟ್ಟೆಯ ಥಾನುಗಳು, ಹಿಂದೆ ಹೊಲಿಗೆ ಮಿಷನ್ನು, ನಡುವೆ ಕೊರಳಿಗೆ ಟೇಪು ಹಾಕಿಕೊಂಡ ಮಾವ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರ ಹೆಗಲ ಮೇಲೆ ಕೈಹಾಕಿ, “ಏನಪ್ಪಾ ಬಸಣ್ಣ, ಮಗಳ ಬಾಣಂತನ ಮುಗೀತಾ?” ಎಂದು ಪ್ರೀತಿಯಿಂದ ಕೇಳಿದರು. ಆ ಮನುಷ್ಯ ಗಾಬರಿಯಾಗಿ, “ನಾನು ಬಸಣ್ಣ ಅಲ್ರೀ. ಅವ್ರ ತೋಟದ ಕೆಲಸಕ್ಕೆ ಹೋಗ್ತೀನಿ. ಅಂಗಿ ಮಾತ್ರ ಅವ್ರು ಕೊಟ್ಟಿದ್ದು” ಎಂದರು. ಬೇರೆಯವರಾಗಿದ್ದರೆ ನಾಚಿಕೊಳ್ಳುತ್ತಿದ್ದರು. ಮಾವ? “ಅಂಗಿ ಬಸಣ್ಣಂದೇ ಅಲ್ವಾ? ಹಂಗಾದ್ರೆ ನಾನು ಕೇಳಿದ್ದು ಸರಿ ಇದೆ. ಹೋಗಿ ಅವನಿಗೆ ಹೇಳು!”

ಇಂಥವರು ಜಗತ್ತಿನ ವ್ಯಾಪಾರಕ್ಕೆ ಹೊಸ ದಾರಿ ತೋರಿಸಿದರು ಎಂದರೆ ನೀವು ನಂಬುವುದಿಲ್ಲ. ಈಗ ವಿಡಿಯೋ ಗೇಮ್ ಆಡುವವರಿಗೂ ತಂಡಗಳಿವೆಯಂತೆ. ಆ ತಂಡಗಳಿಗೆ ಬಟ್ಟೆ ಕಂಪನಿಗಳು ಅಂಗಿ, ಟೋಪಿ ಕೊಟ್ಟು ಒಪ್ಪಂದ ಮಾಡಿಕೊಳ್ಳುತ್ತವಂತೆ. ‘ಇದು ಹೊಸ ಕಾಲದ ಹೊಸ ವ್ಯವಹಾರ’ ಎಂದು ಮೊನ್ನೆ ಯಾರೋ ನನಗೆ ವಿವರಿಸಲು ಬಂದಾಗ ನಾನು ಚಹಾ ಚೆಲ್ಲಿಕೊಂಡೆ. ಹೊಸದಂತೆ ಹೊಸದು! ತೊಂಬತ್ತರ ದಶಕದಲ್ಲೇ ಅದು ಸೊರಬದಲ್ಲಿ ಶುರುವಾಗಿ, ನಡೆದು, ಮುಗಿದೂ ಹೋಗಿತ್ತು. ಕಂಡುಹಿಡಿದವರು ನಮ್ಮ ಮಾವ. ಪ್ರಯೋಗಕ್ಕೆ ಸಿಕ್ಕಿಬಿದ್ದವಳು ನಾನು.

ಎಲ್ಲದಕ್ಕೂ ಮೂಲ ಟೀವಿ. ಕ್ರಿಕೆಟ್ಟಿನವರು ಬಿಳಿ ಬಟ್ಟೆ ಬಿಟ್ಟು ಬಣ್ಣದ ಬಟ್ಟೆ ಹಾಕತೊಡಗಿದ್ದ ಕಾಲ ಅದು. ಮನೆಮಂದಿಯೆಲ್ಲ ರನ್ನು ಎಷ್ಟಾಯಿತೆಂದು ಉಸಿರು ಬಿಗಿಹಿಡಿದು ಕೂತಿದ್ದರೆ ಮಾವ ಟೀವಿಗೆ ಮೂಗು ತಾಗಿಸಿ, “ಥೂ, ಬಗಲಲ್ಲಿ ಬಟ್ಟೆ ಸಾಲಲ್ಲ, ಅದಕ್ಕೇ ಕೈ ಎತ್ತೋಕೆ ಆಗ್ತಿಲ್ಲ ಪಾಪ” ಎನ್ನುತ್ತಿದ್ದರು. ಆಟಗಾರನೊಬ್ಬ ಕ್ಯಾಚು ಬಿಟ್ಟಿದ್ದಕ್ಕೆ ದೇಶವೆಲ್ಲ ಅವನನ್ನು ಬೈಯುತ್ತಿದ್ದರೆ ಮಾವ ಅವನ ದರ್ಜಿಯನ್ನು ಬೈಯುತ್ತಿದ್ದರು. ಹೀಗೆ ನೋಡುತ್ತ ನೋಡುತ್ತ ಆಟಗಾರರ ಎದೆಯ ಮೇಲೆ ಯಾರದೋ ಕಂಪನಿಯ ಹೆಸರಿರುವುದು ಅವರ ಕಣ್ಣಿಗೆ ಬಿತ್ತು. ಅಂದು ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಎದ್ದವರೇ, “ನಮ್ಮಂಗಡಿ ಅಂಗಿಗೂ ಒಂದು ಹೆಸರು ಬೇಕು” ಎಂದು ಘೋಷಿಸಿದರು. ಮಧ್ಯಾಹ್ನದ ಹೊತ್ತಿಗೆ ಹೆಸರು ಹುಟ್ಟಿತು: ಮಿಸ್ಟರ್ ಸೊರಬ!

ಅತ್ತೆ ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತದೆ ಕೇಳಿದರು: “ಮಿಸೆಸ್ ಸೊರಬ ಅಂತನೂ ಒಂದು ಮಾಡ್ತೀರೇನ್ರೀ? ಅದನ್ನ ಹಾಕ್ಕಂಡು ನಾನು ಪಾತ್ರೆ ತೊಳೀತೀನಿ.”

ಹೆಸರಾಯಿತು. ಇನ್ನು ಅದನ್ನು ಹೊರುವ ಎದೆಗಳು ಬೇಕಲ್ಲ? ಮೊದಲು ಮಾವ ಕಬಡ್ಡಿ ತಂಡವೊಂದನ್ನು ಹಿಡಿದರು. ಏಳು ಜನರಿಗೂ ಹಳದಿ ಅಂಗಿ ಹೊಲಿದುಕೊಟ್ಟರು. ಆಟ ಶುರುವಾಗಿ ಎರಡು ನಿಮಿಷವಾಗಿರಲಿಲ್ಲ, ಎದುರಾಳಿಯೊಬ್ಬ ನಮ್ಮವನ ಅಂಗಿಗೇ ಕೈಹಾಕಿ ಎಳೆದ. ಪರ್ ಎಂಬ ಸದ್ದು. ನೋಡಿದರೆ ‘ಮಿಸ್ಟರ್’ ಎದುರಾಳಿಯ ಕೈಯಲ್ಲಿ, ‘ಸೊರಬ’ ಮಾತ್ರ ನಮ್ಮವನ ಎದೆಯಲ್ಲಿ! ಆಮೇಲೆ ಉಳವಿಯ ಕಡೆಯ ವಾಲಿಬಾಲ್ ಆಟಗಾರರಿಗೆ ಕೊಟ್ಟರು. ಅವರು ಮರ್ಯಾದಸ್ಥರು, ಹರಿದುಕೊಳ್ಳಲಿಲ್ಲ. ಸೆಕೆ ಎಂದು ಮೊದಲ ಸೆಟ್ಟಿಗೇ ಅಂಗಿ ಕಳಚಿ ಬೇಲಿಯ ಮೇಲೆ ಒಣಹಾಕಿ ಆಡಿದರು. ಮಾವ ಪಂದ್ಯ ಬಿಟ್ಟು ಬೇಲಿಯ ಪಕ್ಕದಲ್ಲೇ ನಿಂತು, ಹೋಗಿಬರುವವರಿಗೆ, “ಓದಿ, ಓದಿ” ಎನ್ನುತ್ತಿದ್ದರಂತೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಆಗಷ್ಟೇ ಪಿಯುಸಿ ಮುಗಿಸಿದ್ದೆ. ಹಾಡು ಬಾರದು, ರಂಗೋಲಿ ಹಾಕಿದರೆ ಚುಕ್ಕಿಗಳೇ ಒಂದಕ್ಕೊಂದು ಮುನಿಸಿಕೊಂಡಂತೆ ಕಾಣುತ್ತಿದ್ದವು. “ಈ ಹುಡುಗಿಗೆ ಏನು ಬರುತ್ತೆ?” ಎಂದು ಬಂದ ನೆಂಟರು ಕೇಳಿದಾಗಲೆಲ್ಲ ಅಮ್ಮ ತಡಮಾಡದೆ ಉಪ್ಪಿಟ್ಟು ತಂದಿಟ್ಟು ಮಾತು ಬದಲಿಸುತ್ತಿದ್ದಳು. ಕೊನೆಗೆ ಟೈಪಿಂಗ್ ಕಲಿಯಲು ಹಾಕಿದರು. ಟೈಪಿಂಗ್ ಕ್ಲಾಸಿನ ಪಕ್ಕದಲ್ಲೇ ಒಬ್ಬರ ಟೀವಿ ರಿಪೇರಿ ಅಂಗಡಿ. ಅವರು ಮುಂದಿನ ಕೋಣೆಯಲ್ಲಿ ಒಂದು ಟೀವಿಗೆ ವಿಡಿಯೋ ಗೇಮಿನ ಡಬ್ಬಿ ಜೋಡಿಸಿ, ಹೊತ್ತಿನ ಲೆಕ್ಕದಲ್ಲಿ ಆಡಲು ಬಿಡುತ್ತಿದ್ದರು. ಅದಕ್ಕೆ ಕ್ಯಾಸೆಟ್ಟು ಹಾಕಿ, ಊದಿ, ಮತ್ತೆ ಹಾಕಿ, ತಲೆಗೊಂದು ಪೆಟ್ಟು ಕೊಟ್ಟರೆ ಪರದೆಯ ಮೇಲೆ ಎರಡು ಕಾರು ಮೂಡುತ್ತಿದ್ದವು. ಒಂದು ಕೆಂಪು, ಒಂದು ನೀಲಿ. ಒಂದು ದಿನ ಕ್ಲಾಸಿನಲ್ಲಿ ಕರೆಂಟಿಲ್ಲದೆ ಕತ್ತಲಾಗಿ ಹೊರಗೆ ಬಂದವಳು, ಕರೆಂಟು ಬಂದ ಕೂಡಲೇ ಮತ್ತೆ ಒಳಗೆ ಹೋಗುವ ಬದಲು ಪಕ್ಕದ ಅಂಗಡಿಗೆ ಹೋದೆ. ಕೆಂಪು ಕಾರು ನನ್ನ ಕೈಗೆ ಬಂತು. ಟೈಪಿಂಗಿನಲ್ಲಿ ಪಳಗಿದ ಬೆರಳುಗಳೋ ಏನೋ, ಅಲ್ಲಿ ಕೂತಿದ್ದ ಹುಡುಗರನ್ನೆಲ್ಲ ಒಬ್ಬೊಬ್ಬರಾಗಿ ಸೋಲಿಸಿಬಿಟ್ಟೆ! ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ ನನಗೆ ಏನೋ ಬರುತ್ತದೆ ಎಂದು ಗೊತ್ತಾಯಿತು. ಮನೆಯಲ್ಲಿ ಹೇಳುವ ಹಾಗಿರಲಿಲ್ಲ, ಅಷ್ಟೇ.

ಹೀಗೆ ಗುಟ್ಟಾಗಿ ಕಾರು ಓಡಿಸುತ್ತಿದ್ದಾಗ ಒಂದು ದಿನ ಮಾವ ತಮ್ಮ ಮನೆಯ ಟೀವಿ ರಿಪೇರಿಗೆ ಕೊಡಲು ಅಲ್ಲಿಗೇ ಬಂದರು. ನಾನು ತಕ್ಷಣ ಮುಖ ತಿರುಗಿಸಿಕೊಂಡೆ. ಎಂಥ ದಡ್ಡತನ! ಮಾವನಿಗೆ ಮುಖ ಯಾಕೆ ಬೇಕು? “ಅರೆ! ಈ ಚೂಡಿದಾರ ನಾನೇ ಹೊಲಿದಿದ್ದು!” ಎಂದು ಹಿಂದಿನಿಂದ ಕೂಗಿದರು. ಮುಗಿಯಿತು, ಇನ್ನು ಅಪ್ಪನವರೆಗೆ ಸುದ್ದಿ ಹೋಗುತ್ತದೆ ಎಂದು ಎದ್ದು ನಿಂತೆ.

“ಕೂತ್ಕೋ, ಕೂತ್ಕೋ,” ಎಂದರು ಮಾವ. ಸಿಟ್ಟಿರಲಿಲ್ಲ. ಅವರ ಕಣ್ಣು ನನ್ನ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡಿತು. “ಎಷ್ಟೊತ್ತಿಂದ ಆಡ್ತಿದೀಯೇ?”

“ಅರ್ಧ ಗಂಟೆ ಆಯ್ತು ಮಾವ.”

“ಬೆವ್ರಿಲ್ಲ. ಮಣ್ಣಿಲ್ಲ. ಯಾರೂ ಹಿಡಿದು ಎಳೆಯಲ್ಲ. ಅಂಗಿ ಬಿಚ್ಚೋ ಪ್ರಶ್ನೆನೇ ಇಲ್ಲ.” ಮಾವ ನನ್ನ ಸುತ್ತ ಒಂದು ಸುತ್ತು ಬಂದರು. “ಇದಪ್ಪಾ ಆಟ ಅಂದ್ರೆ!”

ಅಪ್ಪ ಅಮ್ಮನನ್ನು ಮಾವನೇ ಒಪ್ಪಿಸಿದರು. ಮರುದಿನವೇ ನನಗೆ ‘ಮಿಸ್ಟರ್ ಸೊರಬ’ ಅಂಗಿ ತಯಾರಾಯಿತು. ಆದರೆ ಹಾಕಿಕೊಂಡು ಆಡಲು ಕೂತಾಗ ಒಂದು ದೊಡ್ಡ ಸಮಸ್ಯೆ ಎದುರಾಯಿತು. ನನ್ನ ಎದೆ ಟೀವಿಯ ಕಡೆ! ಹೆಸರನ್ನು ಓದುವುದು ಟೀವಿಯೊಂದೇ! ಜನ ನಿಲ್ಲುವುದು ನನ್ನ ಹಿಂದೆ. ಮಾವ ಅಂಗಿ ಬಿಚ್ಚಿಸಿಕೊಂಡು ಹೋಗಿ ಹೆಸರನ್ನು ಬೆನ್ನಿಗೆ ದಾಟಿಸಿದರು. ಕೂತರೆ ಕುರ್ಚಿಯ ಬೆನ್ನು ಅಡ್ಡ ಬಂತು. ಮಾವ ತಮ್ಮ ಅಂಗಡಿಯ ಸ್ಟೂಲನ್ನೇ ಹೊತ್ತು ತಂದರು. ಸ್ಟೂಲಿನ ಮೇಲೆ ಕೂತಾಗ ನನ್ನ ಜಡೆ ‘ಮಿಸ್ಟರ್’ನ ಮೇಲೆ ಬಿದ್ದಿತ್ತು. ಜಡೆ ಮುಂದಕ್ಕೆ ಹಾಕಿಕೊಂಡೆ. ಅಲ್ಲಿಗೆ ಎಲ್ಲವೂ ಸರಿಹೋಯಿತೇ? ಎಲ್ಲಿಂದ! ಹೆಸರು ಬರೆಯಲು ಮಾವ ಹಿಡಿದದ್ದು ಬಸ್ಸುಗಳಿಗೆ ಬೋರ್ಡು ಬರೆಯುವ ಪೇಂಟರನ್ನು. ಅವನಿಗೆ ಬಟ್ಟೆಯೂ ಒಂದೇ, ತಗಡೂ ಒಂದೇ. ಬಸ್ಸಿಗೆ ಬಳಿಯುವ ಎಣ್ಣೆ ಬಣ್ಣವನ್ನೇ ಎರಡು ಕೈ ಬಳಿದಿದ್ದ. ಒಣಗಿದ ಮೇಲೆ ಆ ಅಂಗಿಯನ್ನು ಮಡಚಲು ಬರುತ್ತಿರಲಿಲ್ಲ. ಗೋಡೆಗೆ ಒರಗಿಸಿ ನಿಲ್ಲಿಸುತ್ತಿದ್ದೆವು. ಹಾಕಿಕೊಂಡರೆ ಬಾಗಲು ಬಾರದೆ ಗರ್ಭಗುಡಿಯ ಮೂರ್ತಿಯ ಹಾಗೆ ನೆಟ್ಟಗೆ ಕೂರಬೇಕಿತ್ತು. “ನೋಡು, ಕೂರೋ ಭಂಗಿನೂ ಸುಧಾರಿಸ್ತು!” ಎಂದರು ಮಾವ.

ಇಷ್ಟಾದ ಮೇಲೆ ಕರಾರು ಪತ್ರ. ಮಾವನಿಗೆ ಎಲ್ಲವೂ ಕಾಗದದ ಮೇಲಿರಬೇಕು. ತಾಲ್ಲೂಕು ಕಚೇರಿಯ ಎದುರು ಕೂರುವ ಪತ್ರ ಬರೆಯುವವರ ಬಳಿ ನನ್ನನ್ನು ಕರೆದುಕೊಂಡು ಹೋದರು. ಆ ಹಿರಿಯರು ನಲವತ್ತು ವರ್ಷ ಗದ್ದೆ, ತೋಟ, ಮನೆಗಳ ಕ್ರಯಪತ್ರ ಬಿಟ್ಟು ಬೇರೇನೂ ಬರೆದವರಲ್ಲ. ವಿಷಯವನ್ನು ಕಣ್ಣುಮುಚ್ಚಿ ಕೇಳಿದರು. ಆಮೇಲೆ, “ಸ್ವತ್ತು ಯಾವ್ದು?” ಎಂದರು.

“ಇವಳ ಬೆನ್ನು,” ಎಂದರು ಮಾವ.

ಹಿರಿಯರು ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿ, “ಚಕ್ಕುಬಂದಿ ಇಲ್ದೆ ಪತ್ರ ಆಗಲ್ಲ. ನಾಲ್ಕು ಕಡೆ ಏನೇನಿದೆ ಹೇಳಿ” ಎಂದು ಬರೆಯತೊಡಗಿದರು: ‘ಸದರಿ ಬೆನ್ನಿಗೆ ಪೂರ್ವಕ್ಕೆ ಟೀವಿ, ಪಶ್ಚಿಮಕ್ಕೆ ನೋಡುವ ಜನ, ಉತ್ತರಕ್ಕೂ ದಕ್ಷಿಣಕ್ಕೂ ಒಂದೊಂದು ತೋಳು. ಈ ಮಧ್ಯದ ಸ್ಥಳದಲ್ಲಿ ಮಿಸ್ಟರ್ ಸೊರಬ ಹೊರತು ಬೇರಾರ ಹೆಸರೂ ಬರತಕ್ಕದ್ದಲ್ಲ.’ ಜೊತೆಗೆ ಮಾವ ಹೇಳಿ ಬರೆಸಿದ ಒಂದು ಷರತ್ತು: ಒಂದು ವರ್ಷ ನಾನು ನಾಲ್ಕು ಜನ ಸೇರುವ ಯಾವುದೇ ಜಾಗಕ್ಕೂ ಇದೇ ಅಂಗಿಯಲ್ಲಿ ಹೋಗತಕ್ಕದ್ದು. ನಾನು ನಗುತ್ತ ಸಹಿ ಹಾಕಿದೆ.

ಆ ನಗು ಚಂದ್ರಗುತ್ತಿಯಲ್ಲಿ ನಿಂತುಹೋಯಿತು. ಅಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಅಮ್ಮನ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಚಪ್ಪರದೊಳಗೆ ಕಾಲಿಡಬೇಕು, ಮಾವ ಎದುರಿಗೆ ನಿಂತಿದ್ದಾರೆ. ಕೈಯಲ್ಲಿ ತಗಡಿನಂಥ ಆ ಅಂಗಿ!

“ಮಾವಾ, ಮದುವೆ ಮನೆ ಇದು!”

“ನಾಲ್ಕು ಜನ ಸೇರಿದಾರೋ ಇಲ್ವೋ?”

“ಸೇರಿದಾರೆ.”

“ಕರಾರು ಅಂದ್ರೆ ಕರಾರು.”

ರೇಷ್ಮೆ ಸೀರೆಯ ಮೇಲೆ ಹಳದಿ ಅಂಗಿ ಹಾಕಿಕೊಂಡು ನಾನು ಅಕ್ಷತೆ ಹಾಕಿದೆ. ಗಂಡಿನ ಕಡೆಯ ಅಜ್ಜಿಯೊಬ್ಬರು ಬೆನ್ನು ಓದಿ, “ಈ ಮಿಸ್ಟರ್ ಯಾರವ್ವಾ? ಗಂಡಿನ ಕಡೆಯವ್ರಾ, ಹೆಣ್ಣಿನ ಕಡೆಯವ್ರಾ?” ಎಂದು ಅತ್ತೆಯನ್ನು ಕೇಳಿದರು. ಅತ್ತೆ ನಿಟ್ಟುಸಿರಿಟ್ಟು, “ನನ್ನ ಕಡೆಯವ್ರು, ಅಜ್ಜಿ. ಏನು ಮಾಡೋದು!” ಎಂದರು.

ಅಷ್ಟರಲ್ಲಿ ಶಿಕಾರಿಪುರದಿಂದ ಸುದ್ದಿ ಬಂತು. ಅಲ್ಲಿನ ಬಟ್ಟೆ ವ್ಯಾಪಾರಿಯೊಬ್ಬರು ವಿಡಿಯೋ ಗೇಮಿನ ಪಂದ್ಯ ಇಟ್ಟಿದ್ದಾರೆ, ಸುತ್ತಲಿನ ಊರುಗಳವರೂ ಬರಬಹುದು! ಮಾವನ ಎದೆ ಒಡೆಯಿತು. ತಾವೊಬ್ಬರೇ ಕಂಡುಹಿಡಿದದ್ದು ಎಂದುಕೊಂಡಿದ್ದನ್ನು ಮೂವತ್ತು ಮೈಲಿ ಆಚೆ ಇನ್ನೊಬ್ಬ ಕಂಡುಹಿಡಿದಿದ್ದಾನೆ, ಅದೂ ಬಟ್ಟೆಯವನೇ! ಆ ವ್ಯಾಪಾರಿಯ ಅಂಗಿಯ ಹೆಸರು ‘ಸೂಪರ್ ಶಿಕಾರಿ’ ಎಂದು ಗೊತ್ತಾದಾಗ ಮಾವ, “ಹೆಸರು ಚೆನ್ನಾಗಿಟ್ಟಿದಾನೆ ಬಡ್ಡೀಮಗ” ಎಂದರು.

ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಹೊರಟೆವು. ಮಾವನ ತೊಡೆಯ ಮೇಲೆ ಸ್ಟೂಲು, ಕಿಟಕಿಗೆ ಒರಗಿಸಿದ ಅಂಗಿ. ಅಂಗಿಯ ಮೇಲಿನ ಅಕ್ಷರ ನೋಡಿ ಇಬ್ಬರು ಇದು ಸೊರಬಕ್ಕೆ ಹೋಗುವ ಬಸ್ಸೆಂದು ಹತ್ತಿ, ಆಮೇಲೆ ಕಂಡಕ್ಟರನ ಹತ್ತಿರ ಬೈಸಿಕೊಂಡು ಇಳಿದರು.

ಪಂದ್ಯದ ಹಾಲಿನ ಬಾಗಿಲಲ್ಲೇ ಶಿಕಾರಿಪುರದ ಆ ಬಟ್ಟೆ ಸಾಹುಕಾರರು ನಿಂತಿದ್ದರು. ದಪ್ಪ ಮೀಸೆ, ನಗುಮುಖ. “ಬರ್ರಿ ಬರ್ರಿ ಸಾವ್ಕಾರ್ರ, ಕುಂದರ್ರಿ. ಇದೇನ್ರಿ, ಹುಡುಗಿ ಬೆನ್ನಿಗೆ ಬೋರ್ಡ್ ಕಟ್ಟೀರಲ್ಲ?”

“ಬೋರ್ಡಲ್ಲ ರೀ, ಬ್ರ್ಯಾಂಡು!”

“ಹೌದೇನ್ರಿ? ನಾನು ರೂಟ್ ಬಸ್ಸು ಅನ್ಕಂಡಿದ್ದೆ!”

ಮಾವನ ಕಣ್ಣು ಸಾಹುಕಾರರ ತಂಡದ ನೀಲಿ ಅಂಗಿಗಳ ಮೇಲಿತ್ತು. ತೆಳ್ಳಗಿನ ಬಟ್ಟೆ, ದಾರದಲ್ಲಿ ಹೊಲಿದ ಅಕ್ಷರ. ಒಬ್ಬನ ತೋಳನ್ನು ಬೆರಳಲ್ಲಿ ಸವರಿ ನೋಡಿ, ಬೆಂಕಿ ಮುಟ್ಟಿದವರ ಹಾಗೆ ಕೈ ಹಿಂದೆಗೆದುಕೊಂಡರು.

ನಾನು ಸ್ಟೂಲಿನ ಮೇಲೆ ಕೂತೆ. ಹಾಲಿನಲ್ಲಿ ಇದ್ದವರೆಲ್ಲ ಗಂಡಸರು. ಹಿಂದಿನಿಂದ ಯಾರೋ ನನ್ನ ಬೆನ್ನು ಓದಿ, “ಏ, ಮಿಸ್ಟರ್ ಬಂದಾನ ನೋಡ್ರಲೇ!” ಎಂದ. ನಗೆಯೋ ನಗೆ! ಆದರೆ ಕೆಂಪು ಕಾರು ಹೊರಟ ಮೇಲೆ ಹಿಂದಿನದೇನೂ ಕೇಳಿಸಲಿಲ್ಲ. ಮೊದಲನೆಯವನನ್ನು ಸೋಲಿಸಿದೆ. ಎರಡನೆಯವನನ್ನು ಸೋಲಿಸಿದೆ. ನಾಲ್ಕನೆಯವನ ಹೊತ್ತಿಗೆ ಅದೇ ಗಂಟಲುಗಳು, “ಮಿಸ್ಟರ್! ಮಿಸ್ಟರ್!” ಎಂದು ನನ್ನ ಪರವಾಗಿಯೇ ಕೂಗುತ್ತಿದ್ದವು. ಕೊನೆಯ ಆಟದಲ್ಲಿ ಸಾಹುಕಾರರ ತಂಡದ ಮುಖ್ಯ ಆಟಗಾರನೇ ಎದುರಾಳಿ. ಕೊನೆಯ ತಿರುವಿನಲ್ಲಿ ಅವನ ನೀಲಿ ಕಾರು ರಸ್ತೆ ಬಿಟ್ಟು ಮರಕ್ಕೆ ಹೋಗಿ ಬಡಿಯಿತು. ನಾನು ಗೆದ್ದಿದ್ದೆ! ತಿರುಗಿ ನೋಡಿದರೆ ಮಾವ ಜನರ ನಡುವೆ ನುಗ್ಗುತ್ತ, ನನ್ನ ಬೆನ್ನಿಗೆ ಕೈ ತೋರಿಸುತ್ತ, “ಓದಿದ್ರಾ? ಓದಿದ್ರಾ?” ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು.

ಆಗ ಸಾಹುಕಾರರು ಬಂದು ಹೇಳಿದರು. ಗೆದ್ದವರು ಶಿವಮೊಗ್ಗದಲ್ಲಿ ದೊಡ್ಡ ಪಂದ್ಯಕ್ಕೆ ಹೋಗಬೇಕು. ಅಲ್ಲಿಗೆ ಈ ಕಡೆಯಿಂದ ಆಟಗಾರರನ್ನು ಕಳಿಸುವ ಹೊಣೆ ಅವರದೇ. ಹಾಗಾಗಿ ಹೋಗುವವರು ‘ಸೂಪರ್ ಶಿಕಾರಿ’ ಅಂಗಿಯನ್ನೇ ಹಾಕಬೇಕು. “ತಪ್ಪು ತಿಳೀಬ್ಯಾಡ್ರಿ ಸಾವ್ಕಾರ್ರ. ಹುಡುಗಿ ನಿಮ್ದು, ಅಂಗಿ ನಮ್ದು. ಹಂಗ ಮಾತಾಗೈತಿ,” ಎಂದು ನೀಲಿ ಅಂಗಿಯೊಂದನ್ನು ಮಡಿಸಿ ಮಾವನ ಕೈಗೇ ಕೊಟ್ಟರು.

ವಾಪಸು ಬರುವಾಗ ಮಾವ ಆ ನೀಲಿ ಅಂಗಿಯ ಹೊಲಿಗೆಯನ್ನೇ ತಿರುತಿರುಗಿಸಿ ನೋಡುತ್ತಿದ್ದರು. ನನಗೋ ಹೋಗಬೇಕೆಂಬ ಆಸೆ. ಶಿವಮೊಗ್ಗದ ಪಂದ್ಯ! ನೆಂಟರ ಎದುರು ಉಪ್ಪಿಟ್ಟು ತಂದಿಡುವ ಬದಲು ಅಮ್ಮ ಹೇಳಿಕೊಳ್ಳಬಹುದಾದ ಒಂದು ಮಾತು! ಆದರೆ ಕರಾರಿಗೆ ಸಹಿ ಹಾಕಿದವಳು ನಾನೇ. ಮಾವನನ್ನು ‘ಬಿಟ್ಟುಬಿಡಿ’ ಎಂದು ಹೇಗೆ ಕೇಳಲಿ? ಎರಡು ದಿನ ಅವರು ನಮ್ಮ ಮನೆಯ ಕಡೆ ಬರಲಿಲ್ಲ. ಅಂಗಡಿಗೆ ಹೋಗಿದ್ದ ಅಮ್ಮ ಬಂದು, “ನಿನ್ನ ಮಾವ ಆ ನೀಲಿ ಅಂಗಿ ಎದುರಿಗಿಟ್ಕಂಡು ಸುಮ್ನೆ ಕೂತಿದಾನೆ, ಗಿರಾಕಿ ಬಂದ್ರೂ ಏಳ್ತಿಲ್ಲ” ಎಂದಳು.

ಮೂರನೆಯ ದಿನ ಬೆಳಿಗ್ಗೆ ಅತ್ತೆ ನಮ್ಮ ಮನೆಗೆ ಬಂದು, “ಅಂಗಡಿಗೆ ಬರ್ಬೇಕಂತೆ ನೀನು” ಎಂದರು. ಹೋದೆ. ಮೇಜಿನ ಮೇಲೆ ನೀಲಿ ಅಂಗಿ ಹೊಲಿಗೆ ಬಿಚ್ಚಿಕೊಂಡು ಚೂರು ಚೂರಾಗಿ ಬಿದ್ದಿತ್ತು. ತೋಳೊಂದು ಕಡೆ, ಕಾಲರೊಂದು ಕಡೆ. ಅಯ್ಯೋ, ಸೇಡು ತೀರಿಸಿಕೊಂಡರಲ್ಲ ಎಂದು ನನ್ನ ಕಣ್ಣಲ್ಲಿ ನೀರೇ ಬಂತು.

“ಏನು ನೋಡ್ತೀಯ? ನಿಲ್ಲು ನೆಟ್ಟಗೆ,” ಎಂದು ಗದರಿದರು ಮಾವ. ಕೊರಳಿನ ಟೇಪು ತೆಗೆದು ನನ್ನ ಭುಜ ಅಳೆದರು. “ಪೈಲ್ವಾನನ ಅಳತೆಗೆ ಹೊಲ್ದಿದಾನೆ. ತೋಳು ಬೆರಳ ತುದಿಗೆ ಬರುತ್ತೆ. ಇದನ್ನ ಹಾಕ್ಕಂಡು ಕಾರು ಓಡಿಸ್ತೀಯಾ ನೀನು?”

“ಮಾವ... ಕರಾರು?”

“ಕರಾರು ನಾನು ಬರ್ಸಿದ್ದು. ನಾನೇ ನೋಡ್ಕತೀನಿ.”

ಮಿಷನ್ನಿನ ಮುಂದೆ ಕೂತರು. ತೋಳು ಕತ್ತರಿಸಿ, ಭುಜ ಒಳಗೆ ತಂದು ಹೊಲಿಯುತ್ತ ಹೋದರು. ಬೆನ್ನಿನ ಭಾಗಕ್ಕೆ ಬಂದಾಗ ಕಾಲು ನಿಂತಿತು. ಅಗಲ ಕಡಿಮೆ ಮಾಡಿದರೆ ‘ಸೂಪರ್ ಶಿಕಾರಿ’ಯ ಎರಡು ತುದಿಯ ಅಕ್ಷರಗಳು ಹೊಲಿಗೆಯೊಳಗೆ ಸಿಕ್ಕಿಬೀಳುತ್ತಿದ್ದವು. ಸಿಕ್ಕಲಿ ಬಿಡಿ, ಯಾರು ಕೇಳುತ್ತಾರೆ? ಆದರೆ ಮಾವ ಕನ್ನಡಕ ಹಾಕಿಕೊಂಡು, ಆ ಅಕ್ಷರಗಳ ದಾರವನ್ನು ಸೂಜಿಯಿಂದ ಒಂದೊಂದೇ ಎಳೆ ಬಿಡಿಸಿ, ಸ್ವಲ್ಪ ಚಿಕ್ಕದಾಗಿ, ಸ್ವಲ್ಪ ಹತ್ತಿರ ಹತ್ತಿರವಾಗಿ ಕೈಯಲ್ಲೇ ಮತ್ತೆ ಹೊಲಿದರು. ಬೆಳಿಗ್ಗೆ ಶುರುವಾದದ್ದು ಮುಗಿಯುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎಂದೂ ಮಾತಿಗೆ ಸೋಲದ ಅತ್ತೆ ಅಂದು ನಡುನಡುವೆ ಒಳಗೆ ಬಂದು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದರು.

ಶಿವಮೊಗ್ಗಕ್ಕೆ ಅತ್ತೆಯೇ ನನ್ನ ಜೊತೆ ಬಂದರು. ಮಾವ ಬರಲಿಲ್ಲ. “ಅಂಗಡಿ ಯಾರು ನೋಡ್ಕತಾರೆ?” ಎಂದರು. ದೊಡ್ಡ ಹಾಲ್, ದೊಡ್ಡ ಟೀವಿ, ನಾನು ಎಂದೂ ನೋಡದ ಹೊಸ ಕ್ಯಾಸೆಟ್ಟು. ಕಾರುಗಳ ಬದಲು ಮೋಟಾರ್ ಸೈಕಲ್ಲು! ಮೊದಲ ಸುತ್ತಿನಲ್ಲಿ ಹೇಗೋ ಗೆದ್ದೆ. ಎರಡನೆಯ ಸುತ್ತಿನಲ್ಲಿ ಸೋತೆ, ಅದೂ ನನಗಿಂತ ಚಿಕ್ಕವನೊಬ್ಬನ ಕೈಯಲ್ಲಿ. ವಾಪಸು ಬಸ್ಸಿನಲ್ಲಿ ಅತ್ತೆ ಕಿತ್ತಳೆ ಸುಲಿದುಕೊಟ್ಟರು. ನಾನು ತಿನ್ನಲಿಲ್ಲ. ಮಾವನಿಗೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಕರಾರು ಮುರಿದು ಕಳಿಸಿದವರಿಗೆ ಎರಡನೆಯ ಸುತ್ತಿನಲ್ಲೇ ಸೋತೆ ಎನ್ನುವುದೇ?

ಸೊರಬದಲ್ಲಿ ಬಸ್ಸು ನಿಂತಾಗ ಸಂಜೆಯ ಬೆಳಕಿತ್ತು. ಮಾವ ಅಂಗಡಿಗೆ ಬೀಗ ಹಾಕಿ ಬಂದು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ನಾನು ಮೆಟ್ಟಿಲು ಇಳಿದು ತಲೆ ತಗ್ಗಿಸಿ ಎದುರಿಗೆ ನಿಂತೆ. ಗೆದ್ದೆಯಾ ಎಂದು ಅವರು ಕೇಳಲಿಲ್ಲ. ನನ್ನ ಕೈಯ ಚೀಲವನ್ನು ತೆಗೆದುಕೊಂಡು, ಸ್ವಲ್ಪ ಹಿಂಜರಿಯುತ್ತ ಕೇಳಿದರು:

“ಆಡುವಾಗ ತೋಳು ಹಿಡೀತಾ?”

“ಇಲ್ಲ ಮಾವ. ಒಂಚೂರೂ ಹಿಡೀಲಿಲ್ಲ.”

“ಹ್ಞಾಂ,” ಎಂದರು. ಆ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, “ನಡಿ ಮಗಾ, ಹಸ್ದಿರ್ತೀಯ” ಎಂದು ನಮಗಿಂತ ಮುಂದೆ, ಬೇಗ ಬೇಗ ಹೆಜ್ಜೆ ಹಾಕಿದರು.